ಹನ್ನೊಂದು ದಿನದ ಉಪಕಾರ

ಇಷ್ಟಕ್ಕೆಲ್ಲ ಕಾರಣ ಬಚ್ಚಲುಮನೆಯ ಒಂದು ಬಲ್ಬು. ಮೂರು ದಿನ ಕಣ್ಣು ಮಿಟುಕಿಸಿ, ನಾಲ್ಕನೆಯ ದಿನ ಭಾನುವಾರ ನೋಡಿಕೊಂಡು ಅದು ಸತ್ತುಹೋಯಿತು. ಪಕ್ಕದ ಮನೆಯವರು ಏಣಿ ಕೊಡುತ್ತೇನೆ ಎಂದರು. ಪಾಸಣ್ಣ ಬೇಡ ಎಂದ.

ಪಾಸಣ್ಣ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಇದ್ದ. ಪೆಟ್ಟಿಗೆಗಳನ್ನು ಒತ್ತಿ, ತಟ್ಟಿ, ತೂಕ ಹೇರಿ ನೋಡಿ, ಗಟ್ಟಿಯಾಗಿದ್ದರೆ 'ಪಾಸ್' ಎಂದು ಮುದ್ರೆ ಒತ್ತುವುದು ಅವನ ಕೆಲಸ. ಒತ್ತಿ ಒತ್ತಿ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೋ ಅಳಿಸಿಹೋಗಿ, ಎಲ್ಲರ ಬಾಯಲ್ಲೂ ಪಾಸಣ್ಣನೇ ಆಗಿದ್ದ. ತನ್ನದೇ ಮುದ್ರೆ ಇರುವ ಪೆಟ್ಟಿಗೆ ಮನೆಯಲ್ಲಿರುವಾಗ ಇನ್ನೊಬ್ಬರ ಏಣಿ ಏಕೆ? ಪೆಟ್ಟಿಗೆಯನ್ನು ಬಲ್ಬಿನ ಕೆಳಗಿಟ್ಟು ಹತ್ತಿದ. ಪೆಟ್ಟಿಗೆ ಒಂದು ಕ್ಷಣ ಯೋಚಿಸಿತು. ಆಮೇಲೆ ದಣಿದ ಎಮ್ಮೆಯ ಹಾಗೆ ಮೆಲ್ಲಗೆ ಕುಳಿತುಬಿಟ್ಟಿತು.

ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. "ಹನ್ನೆರಡು ವಾರ ಈ ಕೈಲಿ ಒಂದು ಚಮಚ ಕೂಡ ಎತ್ತೋ ಹಾಗಿಲ್ಲ" ಎಂದರು ಡಾಕ್ಟರು.

"ಮುದ್ರೆ ಒತ್ತಬಹುದಾ ಡಾಕ್ಟ್ರೇ?"

"ನಿಮ್ಮ ಮುದ್ರೆ ಚಮಚಕ್ಕಿಂತ ಹಗುರ ಇದೆಯಾ?"

ಹೇಗೆ ಬಿದ್ದಿರಿ ಎಂದು ಕಾರ್ಖಾನೆಯವರು ಫೋನು ಮಾಡಿ ಕೇಳಿದಾಗ ಪಾಸಣ್ಣ "ಮೆಟ್ಟಿಲ ಮೇಲೆ ಜಾರಿದೆ" ಎಂದ. ಅವನ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ.

ಅವನ ಹೆಂಡತಿ ಔಷಧಿ ಪೊಟ್ಟಣದ ಒಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವ ಹೆಂಗಸು. ಕಾರ್ಖಾನೆಯ ನಿಯಮಾವಳಿಯನ್ನು ಎರಡು ಸಲ ಓದಿ ಅವಳು ದಾರಿ ಕಂಡುಹಿಡಿದಳು. ಪಾಸಣ್ಣನಿಗೆ ಸಂಬಳದ ಕಾಯಿಲೆ ರಜೆ ಹನ್ನೆರಡು ದಿನ ಇತ್ತು. ಅದು ಮುಗಿದ ಮೇಲೆ ಅಶಕ್ತತೆ ಭತ್ಯೆ ಎಂಬುದೊಂದು ಸಿಗುತ್ತಿತ್ತು. ಕೈ ಸರಿಹೋಗುವವರೆಗೂ ಸಂಬಳದ ಮುಕ್ಕಾಲು ಪಾಲು. ಆದರೆ ಎರಡು ಷರತ್ತು. ಅರ್ಜಿ ಕೊಡುವ ಹೊತ್ತಿಗೆ ಸಂಬಳದ ರಜೆ ಒಂದು ದಿನವೂ ಬಾಕಿ ಇರಬಾರದು. ಪೆಟ್ಟಾದ ಹದಿನೈದು ದಿನದೊಳಗೆ ಅರ್ಜಿ ಕೊಡಬೇಕು.

"ನೋಡ್ರೀ, ರಜೆ ಶನಿವಾರಕ್ಕೆ ಮುಗೀತು. ಇವತ್ತು ಸೋಮವಾರ ಹದಿನೈದನೇ ದಿನ. ನಿನ್ನೆ ಆಗಿದ್ರೆ ಆಫೀಸಿಲ್ಲ, ನಾಳೆ ಆದ್ರೆ ಅರ್ಜಿ ಇಲ್ಲ. ಸೂಜಿ ಕಣ್ಣಿನಷ್ಟು ಜಾಗ ಇದೆ, ತೂರಿಕೊಂಡು ಬನ್ನಿ" ಎಂದು ಅವನ ಅಂಗಿಯ ಗುಂಡಿ ಹಾಕಿ, ಕಾಗದಗಳ ಚೀಲವನ್ನು ಎಡಗೈಗೆ ಕೊಟ್ಟು ಕಳಿಸಿದಳು.

ಕಾರ್ಖಾನೆಯಲ್ಲಿ ರಜೆ, ಹಾಜರಿ, ಭತ್ಯೆ ಎಲ್ಲವನ್ನೂ ನೋಡುವವರು ಹಾಜರಿ ಮೇಡಂ. ಗಾಜಿನ ಕಿಟಕಿಯ ಹಿಂದೆ ಕುಳಿತು, ಕನ್ನಡಕದ ಮೇಲಿಂದ ಲೋಕವನ್ನು ನೋಡುವವರು. ಅರ್ಜಿಯನ್ನು ಓದಿ, ಕಂಪ್ಯೂಟರ್ ನೋಡಿ, ಅರ್ಜಿಯನ್ನು ಹಾಗೇ ಹೊರಗೆ ತಳ್ಳಿದರು.

"ತಗೊಳ್ಳೋಕೆ ಆಗಲ್ಲ."

"ಯಾಕೆ ಮೇಡಂ?"

"ನಿಮಗೆ ಇನ್ನೂ ಹನ್ನೊಂದು ದಿನ ರಜೆ ಇದೆ."

"ಅದು ಶನಿವಾರಕ್ಕೇ ಮುಗೀತಲ್ಲ!"

"ಮುಗಿದಿತ್ತು. ಬೆಳಿಗ್ಗೆ ಡಬ್ಬಿ ತೆಗೆದೆ."

ಪಾಸಣ್ಣನಿಗೆ ಅರ್ಥವಾಯಿತು. ಹಾಜರಿ ಮೇಡಂ ಅವರ ಕಿಟಕಿಯ ಪಕ್ಕದ ಗೋಡೆಗೆ ಒಂದು ರಟ್ಟಿನ ಡಬ್ಬಿ ತೂಗುಹಾಕಿದ್ದರು. ಯಾರಾದರೂ ದೀರ್ಘ ಕಾಯಿಲೆ ಬಿದ್ದರೆ ಉಳಿದವರು ತಮ್ಮ ರಜೆಯಲ್ಲಿ ಒಂದೆರಡು ದಿನವನ್ನು ಅವರಿಗೆ ಬಿಟ್ಟುಕೊಟ್ಟು ಚೀಟಿ ಬರೆದು ಹಾಕುವ ಡಬ್ಬಿ ಅದು. ಕೊಟ್ಟವರು ಕೊಟ್ಟೆ ಎನ್ನುವಂತಿಲ್ಲ, ಪಡೆದವರು ಯಾರು ಕೊಟ್ಟರೆಂದು ಕೇಳುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ. ಆದರೂ ಕಾರ್ಖಾನೆಯಲ್ಲಿ ಎಲ್ಲರೂ ಪಾಲಿಸುತ್ತಿದ್ದದ್ದು ಅದೊಂದನ್ನೇ.

ಹನ್ನೊಂದು ದಿನ! ಯಾರೋ ತಮ್ಮ ಜ್ವರದ ದಿನಗಳನ್ನು, ಮಗುವಿನ ಕೆಮ್ಮಿನ ದಿನಗಳನ್ನು ತೆಗೆದು ತನಗೆ ಕೊಟ್ಟಿದ್ದಾರೆ. ಪಾಸಣ್ಣ ಕಿಟಕಿಯ ಗಾಜಿಗೆ ಹಣೆ ಆನಿಸಿ ನಿಂತ. ಹಾಗೆ ನಿಂತಿದ್ದಾಗಲೇ ತಲೆಯೊಳಗೆ ಲೆಕ್ಕ ಓಡಿತು. ಹನ್ನೊಂದು ದಿನ ಇನ್ನೆರಡು ವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಅರ್ಜಿಯ ಗಡುವು ಹೋಗಿರುತ್ತದೆ. ಆಮೇಲಿನ ಎಂಟು ವಾರ ಮನೆಯಲ್ಲಿ ಒಲೆ ಹೊತ್ತಿಸುವುದು ಹೇಗೆ?

"ಮೇಡಂ, ಇದನ್ನ ವಾಪಸ್ ಕೊಡಬಹುದಾ?"

ಮೇಡಂ ಕನ್ನಡಕ ತೆಗೆದರು. ಅವರ ಸೇವಾವಧಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ನೀವು ಕೊಡೋಕಾಗಲ್ಲ. ಕೊಟ್ಟವರೇ ವಾಪಸ್ ತಗೋಬೇಕು. ಅದಕ್ಕೊಂದು ಫಾರಂ ಇದೆ. ಕಾರಣ ಬರೆದು ರುಜು ಹಾಕಬೇಕು. ಸಾಹೇಬರ ರುಜು ಆಗಬೇಕು. ಐದು ಗಂಟೆಗೆ ನಾನು ಕಿಟಕಿ ಮುಚ್ತೀನಿ." ಆಮೇಲೆ ದನಿ ತಗ್ಗಿಸಿ, "ಮೂರು ಜನ. ನಾನು ಹೆಸರು ಹೇಳಿಲ್ಲ, ನೀವು ಕೇಳಿಲ್ಲ" ಎಂದು ಮೂರು ಖಾಲಿ ಫಾರಂ ಹೊರಗೆ ತಳ್ಳಿ, ಮೂರು ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಗೋಡೆಯ ಕಡೆ ತಿರುಗಿ ಕೂತರು.

ಗೋಂದಕ್ಕ, ಮೂರು ದಿನ. ಕತ್ತರಿ, ಎರಡು ದಿನ. ಮೂರನೆಯ ಚೀಟಿಯನ್ನು ಪಾಸಣ್ಣ ಎರಡು ಸಲ ಓದಿದ. ಗೋದಾಮಿನವರು, ಆರು ದಿನ.

ಗೋಂದಿನ ವಿಭಾಗದಲ್ಲಿ ಬಿಸಿ ಅಂಟಿನ ಹಂಡೆಗಳ ನಡುವೆ ಗೋಂದಕ್ಕ ರಾಣಿಯಂತೆ ನಿಂತಿದ್ದಳು. ಪಾಸಣ್ಣನನ್ನು ಕಂಡದ್ದೇ ತಡ, ಕೈಯಲ್ಲಿದ್ದ ಬ್ರಷ್ಷನ್ನು ಬಿಟ್ಟು ಬಂದಳು.

"ಅಯ್ಯೋ ತಮ್ಮಾ, ಈ ಕೈ ಇಟ್ಕೊಂಡು ಯಾಕೆ ಬಂದೆ? ಮನೇಲಿ ಬಿದ್ಕೊಂಡಿರಬಾರದಾ?"

ಪಾಸಣ್ಣ ದಾರಿಯುದ್ದಕ್ಕೂ ಸತ್ಯವನ್ನೇ ಹೇಳಬೇಕೆಂದುಕೊಂಡು ಬಂದಿದ್ದ. 'ಅಕ್ಕಾ, ನಿಮ್ಮ ಉಪಕಾರದಿಂದ ನನಗೆ ನಷ್ಟವಾಗ್ತಿದೆ.' ಅವಳ ಮುಖ ನೋಡಿದ ಮೇಲೆ ಆ ಮಾತು ಗಂಟಲಲ್ಲೇ ಅಂಟಿಕೊಂಡಿತು.

"ಕೈ ವಾಸಿ ಆಗ್ಬಿಟ್ಟಿದೆ ಅಕ್ಕಾ. ರಜೆ ಬೇಕಾಗಿಲ್ಲ. ಯಾರಾದ್ರೂ ಕೊಟ್ಟಿದ್ರೆ, ಅಂದ್ರೆ ಅಕಸ್ಮಾತ್ ಕೊಟ್ಟಿದ್ರೆ, ವಾಪಸ್ ತಗೊಳ್ಳಲಿ ಅಂತ..."

"ವಾಸಿ ಆಗಿದೆಯಾ? ಎಲ್ಲಿ, ಬೆರಳು ಆಡಿಸು."

ಪಾಸಣ್ಣ ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳನ್ನು ಆಡಿಸಲು ನೋಡಿದ. ಹುಬ್ಬು, ಮೂಗು, ಕಿವಿ ಎಲ್ಲ ಆಡಿದವು. ಬೆರಳು ಮಾತ್ರ ಆಡಲಿಲ್ಲ.

ಗೋಂದಕ್ಕನ ಮುಖ ಗಂಟಿಕ್ಕಿತು. "ನನ್ನ ಹತ್ರ ಸುಳ್ಳು ಹೇಳ್ತೀಯಾ? ಯಾರು ಕೊಟ್ಟಿದ್ದು ಅಂತ ಕೇಳಿ ಬಂದಿದ್ದೀಯ ಅಂದ್ರೆ, ಗೋಂದಿನವಳ ರಜೆ ಬೇಡ ಅಂತ ತಾನೇ? ಅಂಟಿನ ವಾಸನೆ ಬರುತ್ತಾ ಅದಕ್ಕೆ?"

"ಅಯ್ಯೋ ಹಾಗಲ್ಲಕ್ಕಾ!"

"ಕೊಡಪ್ಪ ಇಲ್ಲಿ ನಿನ್ನ ಫಾರಂ." ಅವಳು ಕಸಿದುಕೊಂಡು, ಕಾರಣ ಎಂಬಲ್ಲಿ 'ಕೊಟ್ಟಿದ್ದೇ ತಪ್ಪಾಯಿತು' ಎಂದು ಬರೆದು, ಕಾಗದ ಹರಿಯುವಂತೆ ರುಜು ಹಾಕಿದಳು. ಫಾರಮ್ಮಿನ ಮೂಲೆಯಲ್ಲಿ ಅವಳ ಹೆಬ್ಬೆರಳಿನ ಗೋಂದು ಅಂಟಿತ್ತು. ಅವನು ಹೊರಡುವಾಗ ಹಿಂದಿನಿಂದ, "ಬಿಸಿನೀರಲ್ಲಿ ಬೆರಳು ಅದ್ದು ದಿನಾ. ಊದಿಕೊಂಡಿದೆ" ಎಂದಳು. ಕೋಪದಲ್ಲೇ ಎಂದಳು.

ಕತ್ತರಿಸುವ ಯಂತ್ರದ ಮೇಲಿದ್ದವನಿಗೆ ಕತ್ತರಿ ಎಂದು ಹೆಸರು ಬಂದದ್ದು ಯಂತ್ರದಿಂದಲ್ಲ. ಅವನು ಯಾರ ಮಾತನ್ನೂ ಪೂರ್ತಿಯಾಗಲು ಬಿಡುತ್ತಿರಲಿಲ್ಲ. ಈ ಸಲ ಪಾಸಣ್ಣ ಸುಳ್ಳನ್ನು ಬದಲಾಯಿಸಿಕೊಂಡಿದ್ದ.

"ನೋಡಪ್ಪ, ನಿನಗೆ ಮುಂದೆ ಬೇಕಾಗಬಹುದು, ಅದಕ್ಕೆ ನಿನ್ನ ಎರಡು ದಿನ..."

"ನನಗೇನಾಗುತ್ತೆ? ಏನಾದ್ರೂ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಹಾಗಲ್ಲ. ಮುಖ ಸ್ವಲ್ಪ ಬಾಡಿದ ಹಾಗೆ..."

ಅಷ್ಟೇ ಸಾಕಾಯಿತು. ಕತ್ತರಿ ಯಂತ್ರ ನಿಲ್ಲಿಸಿದ. ಹೊಳೆಯುವ ಅಲಗಿನಲ್ಲಿ ತನ್ನ ಮುಖ ನೋಡಿಕೊಂಡ. ನಾಲಿಗೆ ಚಾಚಿ ನೋಡಿಕೊಂಡ. "ಹೌದು ಕಣ್ರೀ, ಮೂರು ದಿನದಿಂದ ಎಡಗಡೆ ಪಕ್ಕೆ ಹಿಡಿದ ಹಾಗಿದೆ. ಕಣ್ಣು ಹಳದಿ ಕಾಣುತ್ತಾ ನೋಡಿ. ಕಾಣುತ್ತೆ ಅಲ್ವಾ? ನೀವು ಹೇಳಿದ್ದು ಒಳ್ಳೇದಾಯ್ತು" ಎಂದು ಕಾರಣದ ಜಾಗದಲ್ಲಿ 'ನನಗೇ ಬೇಕು' ಎಂದು ಬರೆದುಕೊಟ್ಟ. ಪಾಸಣ್ಣ ಬಾಗಿಲು ದಾಟುವಾಗ ಅವನು ತನ್ನ ನಾಡಿ ತಾನೇ ಹಿಡಿದು ಗಡಿಯಾರ ನೋಡುತ್ತಿದ್ದ. ಆರೋಗ್ಯವಾಗಿದ್ದವನನ್ನು ಐದು ನಿಮಿಷದಲ್ಲಿ ರೋಗಿ ಮಾಡಿದೆನಲ್ಲ ಎಂದು ಪಾಸಣ್ಣನ ಮನಸ್ಸು ಚುಚ್ಚಿತು. ಆದರೆ ಗಂಟೆ ಮೂರೂವರೆ. ಮಧ್ಯಾಹ್ನದ ಊಟದ ಬಿಡುವು, ಯಂತ್ರಗಳ ಸದ್ದು, ಹೋದಲ್ಲೆಲ್ಲ "ಕೈ ಹೇಗಿದೆ" ಎಂದು ನಿಲ್ಲಿಸಿದ ಮೂವತ್ತು ಜನ, ಎಲ್ಲ ಸೇರಿ ಹೊತ್ತನ್ನು ತಿಂದುಹಾಕಿದ್ದವು.

ಉಳಿದದ್ದು ಗೋದಾಮು.

ಗೋದಾಮಿನವರು ಪಾಸಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಒಂದು ಸಲ ಅವರು ಹಟ ಹಿಡಿದು ತರಿಸಿದ ರಟ್ಟಿನಿಂದ ಮಾಡಿದ ಮುನ್ನೂರು ಪೆಟ್ಟಿಗೆಗಳನ್ನು ಪಾಸಣ್ಣ ಎಲ್ಲರ ಎದುರಿಗೆ 'ಫೇಲ್' ಮಾಡಿದ್ದ. ಅವರು ಜಗಳವಾಡಲಿಲ್ಲ. ಮುದ್ರೆಯನ್ನೊಮ್ಮೆ ನೋಡಿ ಗೋದಾಮಿಗೆ ಹೋದರು, ಅಷ್ಟೇ. ಅಂದಿನಿಂದ ಎದುರಿಗೆ ಬಂದರೆ ಇಬ್ಬರೂ ಗೋಡೆಯ ಸುಣ್ಣ ನೋಡುತ್ತಾ ಹಾದುಹೋಗುತ್ತಿದ್ದರು. ಮೊದಮೊದಲು ಅದು ಕೋಪವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಇತ್ತೀಚೆಗೆ ಏನಾಗಿತ್ತೋ ಪಾಸಣ್ಣನಿಗೂ ತಿಳಿಯದು. ದಿನಕ್ಕೆ ನಾಲ್ಕು ಸಲವಾದರೂ ಅವರು ಗೋದಾಮಿನ ಬಾಗಿಲಲ್ಲಿದ್ದಾರೆಯೇ ಎಂದು ನೋಡುತ್ತಿದ್ದ. ಇದ್ದರೆ ಸುಣ್ಣ ನೋಡಲು.

ಆ ಮನುಷ್ಯ ಆರು ದಿನ ಕೊಟ್ಟಿದ್ದರು.

ಗೋದಾಮಿನಲ್ಲಿ ರಟ್ಟಿನ ಸುರುಳಿಗಳು ಚಾವಣಿಯವರೆಗೆ ನಿಂತಿದ್ದವು. ಸದ್ದನ್ನೆಲ್ಲ ಅವು ಹೀರಿಕೊಂಡು, ಒಳಗೆ ಹತ್ತಿ ತುಂಬಿದಂಥ ನಿಶ್ಶಬ್ದ. ಗೋದಾಮಿನವರು ಮೇಜಿನ ಹಿಂದೆ ಕುಳಿತು ಪೆನ್ಸಿಲು ಚೂಪು ಮಾಡುತ್ತಿದ್ದರು. ತಲೆ ಎತ್ತಿದರು. ಗೋಡೆ ನೋಡಲು ಹೋದರು. ಅಲ್ಲಿ ಬರೀ ಸುರುಳಿಗಳೇ ಇದ್ದದ್ದರಿಂದ ಮತ್ತೆ ಪಾಸಣ್ಣನನ್ನೇ ನೋಡಬೇಕಾಯಿತು.

ಪಾಸಣ್ಣ ಫಾರಂ ಮೇಜಿನ ಮೇಲಿಟ್ಟ. ಅವರು ಓದಿದರು. ಪೆನ್ಸಿಲಿನ ತುದಿ ಮುರಿಯಿತು.

"ಬೇಡವಾ?" ಎಂದರು.

ಆರು ವರ್ಷದ ಮೇಲಿನ ಮೊದಲ ಮಾತು. ಅದರಲ್ಲಿ ಕೋಪವಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದಿದ್ದ ಪಾಸಣ್ಣ ಅದನ್ನು ಮುಚ್ಚಿಕೊಂಡ. ಎದುರಿನ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಭತ್ಯೆ, ಷರತ್ತು, ಐದು ಗಂಟೆ, ಗೋಂದಕ್ಕನ ಕೋಪ, ಕತ್ತರಿಯ ನಾಲಿಗೆ. ಹೇಳುವ ರಭಸದಲ್ಲಿ ಹೇಳಬಾರದ್ದನ್ನೂ ಹೇಳಿದ.

"ಮೆಟ್ಟಿಲ ಮೇಲೆ ಜಾರಿದ್ದಲ್ಲ ಅಣ್ಣಾ. ನಮ್ಮ ಪೆಟ್ಟಿಗೆ ಹತ್ತಿದ್ದೆ."

"ಮುದ್ರೆ ಇತ್ತಾ?"

"ಇತ್ತು."

"ಏನಂತ?"

"ಪಾಸ್ ಅಂತ."

ಮೊದಲು ಮೇಜು ಅಲುಗಿತು. ಆಮೇಲೆ ಗೋದಾಮಿನವರ ಹೊಟ್ಟೆ. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ಅವರು ನಕ್ಕರು. ಪಾಸಣ್ಣನೂ ನಕ್ಕ, ನಕ್ಕರೆ ಕೈ ನೋಯುತ್ತಿತ್ತು, ಆದರೂ ನಕ್ಕ. ಅವರು ಕಣ್ಣೊರೆಸಿಕೊಂಡು ರುಜು ಹಾಕಿದರು. ಕಾರಣದ ಜಾಗವನ್ನು ಖಾಲಿ ಬಿಟ್ಟರು. ಬರೆಯುವುದಕ್ಕೆ ಏನಿತ್ತು?

"ನೋವಿದೆಯಾ?" ಎಂದರು ಕೊನೆಗೆ.

"ಇದೆ ಅಣ್ಣಾ."

"ಹ್ಞೂಂ."

ಆ ಒಂದು 'ಹ್ಞೂಂ' ಎದೆಯಲ್ಲಿಟ್ಟುಕೊಂಡು ಪಾಸಣ್ಣ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಹಾಜರಿ ಮೇಡಂ ಮೂರೂ ಫಾರಂಗಳನ್ನು ಸಾಹೇಬರ ಕೋಣೆಗೆ ಒಯ್ದರು. ಹತ್ತು ನಿಮಿಷ ಬಾಗಿಲು ಮುಚ್ಚಿತ್ತು. ನಾಲ್ಕೂ ಮುಕ್ಕಾಲಿಗೆ ರುಜುವಾಗಿ ಹೊರಬಂದವು. ಮೇಡಂ ಕಂಪ್ಯೂಟರಿನಲ್ಲಿ ಒಂದೊಂದನ್ನೇ ತೆಗೆದರು. ಹನ್ನೊಂದು ಎಂಟಾಯಿತು, ಎಂಟು ಆರಾಯಿತು, ಆರು ಹೋಗಿ ಉಳಿದದ್ದು ದುಂಡಗಿನ ಸೊನ್ನೆ.

"ಕೊಡಿ ನಿಮ್ಮ ಅರ್ಜಿ" ಎಂದರು ಮೇಡಂ, ಜೀವನದಲ್ಲಿ ಮೊದಲ ಸಲ ನಕ್ಕವರಂತೆ ನಕ್ಕು. ಅರ್ಜಿಯ ಸಂಖ್ಯೆ ಒತ್ತಿದರು. ಒತ್ತುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು. "ಇದೇನಿದು? ಈಗ ತಾನೇ ಸೊನ್ನೆ ಇತ್ತು!"

ಪಾಸಣ್ಣ ಗಾಜಿಗೆ ಮೂಗು ಒತ್ತಿ ನೋಡಿದ. ಸೊನ್ನೆಯಿದ್ದ ಜಾಗದಲ್ಲಿ 'ಒಂದು' ಎಂಬ ಅಂಕಿ ನಿಂತಿತ್ತು.

ಅಷ್ಟರಲ್ಲಿ ಧ್ವನಿವರ್ಧಕ ಕೆಮ್ಮಿತು. "ಎಲ್ಲರೂ ಪ್ಯಾಕಿಂಗ್ ಹಾಲಿಗೆ ಬನ್ನಿ. ಪಾಸಣ್ಣ, ನೀವೂ ಬನ್ನಿ." ಸಾಹೇಬರ ದನಿ.

ಸಾಹೇಬರು ಹದಿನೈದು ವರ್ಷದಲ್ಲಿ ಯಾರಿಗೂ ಏನನ್ನೂ ಕೊಟ್ಟವರಲ್ಲ. ಶುಭಾಶಯ ಕೇಳಿದರೂ ಅರ್ಧ ಕೊಡುವವರು. ಇಂದು ಅವರು ಪೆಟ್ಟಿಗೆಗಳ ರಾಶಿಯ ಮುಂದೆ ಮೈಕು ಹಿಡಿದು, ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದರು.

"ಇವತ್ತು ನನ್ನ ಮೇಜಿಗೆ ಮೂರು ಫಾರಂ ಬಂತು. ಕೈ ಮುರಿದುಕೊಂಡವನಿಗೆ ರಜೆ ಕೊಟ್ಟು ವಾಪಸ್ ಕಿತ್ಕೊಂಡಿದ್ದಾರೆ! ಒಬ್ಬರು ಬರೀತಾರೆ, 'ಕೊಟ್ಟಿದ್ದೇ ತಪ್ಪಾಯಿತು.' ಇನ್ನೊಬ್ಬರು, 'ನನಗೇ ಬೇಕು.' ಮೂರನೆಯವರಿಗೆ ಕಾರಣ ಬರೆಯೋ ಸೌಜನ್ಯವೂ ಇಲ್ಲ. ರಾತ್ರಿ ಇವರಿಗೆಲ್ಲ ನಿದ್ದೆ ಹೇಗೆ ಬರುತ್ತೆ? ನಾನು ಕೈ ಬಿಗಿ ಅಂತ ಆಡಿಕೊಳ್ತೀರಿ, ಗೊತ್ತಿದೆ ನನಗೆ. ಅದಕ್ಕೇ ನನ್ನ ಸ್ವಂತ ರಜೆಯಿಂದ, ನನ್ನ ಸ್ವಂತ ಕೈಯಿಂದ ಕಂಪ್ಯೂಟರ್ ಒತ್ತಿ, ಪಾಸಣ್ಣನಿಗೆ" ಎಂದು ಉಗುಳು ನುಂಗಿ, "ಒಂದು ದಿನ!" ಎಂದರು.

ಚಪ್ಪಾಳೆ ಬಿತ್ತು. ಸಾಹೇಬರು ಕೊಟ್ಟರೆಂಬ ಆಶ್ಚರ್ಯಕ್ಕೆ ಮೊದಲ ಚಪ್ಪಾಳೆ, ಒಂದೇ ಕೊಟ್ಟರೆಂಬ ನಗೆಗೆ ಎರಡನೆಯದು. "ಎರಡು ಮಾತಾಡಿ" ಎಂದು ಅವರು ಮೈಕನ್ನು ಪಾಸಣ್ಣನ ಎಡಗೈಗೆ ತುರುಕಿದರು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷ. 'ಸಾಹೇಬ್ರೇ, ದಯವಿಟ್ಟು ಬೇಡ, ಈಗಲೇ ತೆಗೆಸಿ' ಎಂದರೆ ಇನ್ನೂ ಸಮಯವಿತ್ತು. ಪಾಸಣ್ಣ ಬಾಯಿ ತೆರೆದ. ಎದುರಿಗೆ ಗೋಂದಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಕತ್ತರಿ ಪಕ್ಕೆ ಹಿಡಿದುಕೊಳ್ಳುವುದನ್ನೂ ಮರೆತಿದ್ದ. ಎಲ್ಲರ ಹಿಂದೆ ಗೋದಾಮಿನವರು ನಿಂತು ಗೋಡೆಯ ಸುಣ್ಣ ನೋಡುತ್ತಿದ್ದರು. ಅವರ ಬಗ್ಗೆ ಯಾರೋ ಪಿಸುಗುಟ್ಟುತ್ತಿದ್ದರು.

"ಇವರು ಕಿತ್ಕೊಂಡಿದ್ದಲ್ಲ" ಎಂದ ಪಾಸಣ್ಣ. "ನಾನೇ ಬೇಡಿ ವಾಪಸ್ ತಗೊಳ್ಳೋ ಹಾಗೆ ಮಾಡಿದ್ದು. ಗೋಂದಕ್ಕಂಗೆ ಸುಳ್ಳು ಹೇಳಿ ಕೋಪ ಬರಿಸಿದೆ. ಕತ್ತರಿಗೆ ಇಲ್ಲದ ರೋಗ ಬರಿಸಿದೆ. ಕತ್ತರೀ, ನಿನಗೇನೂ ಆಗಿಲ್ಲಪ್ಪ, ಕಲ್ಲುಗುಂಡಿನ ಹಾಗಿದ್ದೀಯ. ಗೋದಾಮಿನ ಅಣ್ಣ ನನಗೆ ಆರು ದಿನ ಕೊಟ್ಟಿದ್ರು. ನಾನು ಅವರಿಗೆ ಆರು ವರ್ಷ ಒಂದು ಮಾತೂ ಕೊಟ್ಟಿರಲಿಲ್ಲ. ಇಂಥವರನ್ನ ನೀವು ಬೈಬೇಡಿ ಸಾಹೇಬ್ರೇ. ರಜೆ ಇದ್ರೆ ನನಗೆ ಅಶಕ್ತತೆ ಭತ್ಯೆ ಸಿಗಲ್ಲ, ಅದಕ್ಕೇ ಹೀಗೆ ಮಾಡಿದೆ."

ಸಾಹೇಬರ ಮುಖದ ಕೆಂಪು ಮೂಗಿನಿಂದ ಕಿವಿಗೆ ಹರಿಯಿತು.

"ಅಂದ್ರೆ ನನ್ನ ಒಂದು ದಿನ ಇದ್ರೂ ಸಿಗಲ್ವಾ?"

"ಸಿಗಲ್ಲ ಸಾಹೇಬ್ರೇ."

"ಮೊದಲೇ ಹೇಳಬಾರದಾ! ಮೇಡಂ, ಫಾರಂ ತನ್ನಿ, ಈಗಲೇ ವಾಪಸ್ ತಗೋತೀನಿ!"

ಹಾಜರಿ ಮೇಡಂ ಓಡಿಬಂದು ಫಾರಂ ಕೊಟ್ಟರು. ಸಾಹೇಬರು ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಕೆಲಸವನ್ನು, ಕೊಟ್ಟದ್ದಕ್ಕಿಂತ ಹತ್ತು ಪಟ್ಟು ವೇಗವಾಗಿ ಮಾಡಿದರು. ಮೇಡಂ ರುಜು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದಕ್ಕೆ ಮೇಲಧಿಕಾರಿ ರುಜು ಬೇಕು ಸಾರ್."

"ನಾನೇ ಮೇಲಧಿಕಾರಿ!"

"ನಿಮಗೆ ನೀವೇ ಮೇಲಧಿಕಾರಿ ಆಗೋ ಹಾಗಿಲ್ಲ ಸಾರ್. ಹೆಡ್ಡಾಫೀಸಿಗೆ ಕಳಿಸಬೇಕು. ನಾಲ್ಕು ದಿನ ಆಗುತ್ತೆ."

ಐದರ ಗಂಟೆ ಹೊಡೆಯಿತು. ಪಾಸಣ್ಣನ ಅರ್ಜಿ ಎಡಗೈಗೇ ವಾಪಸಾಯಿತು. "ನಿಯಮ ನಾನು ಮಾಡಿದ್ದಲ್ಲ ಪಾಸಣ್ಣ. ಇನ್ನೊಂದು ಸಲ ಕೈ ಮುರಿದ್ರೆ ಸ್ವಲ್ಪ ಮುಂಚೆ ಬನ್ನಿ" ಎಂದರು ಮೇಡಂ, ನಿಜವಾದ ಮರುಕದಿಂದ.

ಜನ ಕರಗಿದರು. ಪಾಸಣ್ಣ ಖಾಲಿ ಹಾಲಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂರಲು ಹೋಗಿ, ಯೋಚಿಸಿ, ನೆಲದ ಮೇಲೆ ಕುಳಿತ. ಸಂಬಳವಿಲ್ಲದ ಹತ್ತು ವಾರ ಬೆಟ್ಟದ ಹಾಗೆ ಎದುರಿಗೆ ನಿಂತಿತ್ತು. ಆದರೆ ಎದೆ ಏಕೋ ಅಷ್ಟು ಭಾರವಾಗಿರಲಿಲ್ಲ.

ಗೋಂದಕ್ಕ ಬಂದಳು. "ಭತ್ಯೆ ಹೇಗೂ ಹೋಯ್ತಲ್ಲ. ಈಗ ನನ್ನ ಮೂರು ದಿನ ಬೇಡ ಅನ್ನಬೇಡ" ಎಂದು, ಡಬ್ಬಿಗೆ ಹಾಕುವ ಬದಲು ಚೀಟಿಯನ್ನು ಅವನ ಜೇಬಿಗೇ ಹಾಕಿ ತಲೆಯ ಮೇಲೆ ಕೈಯಿಟ್ಟಳು. ಕತ್ತರಿ ತನ್ನ ಎರಡು ದಿನ ಕೊಟ್ಟು, "ನಿಜವಾಗ್ಲೂ ನನಗೇನೂ ಆಗಿಲ್ಲ ತಾನೇ?" ಎಂದು ಮೂರು ಸಲ ಕೇಳಿ ಹೋದ. ಸಾಹೇಬರ ಒಂದು ದಿನದ ಜೊತೆಗೆ, ಬೆಳಿಗ್ಗೆ ಗಾಬರಿ ಹುಟ್ಟಿಸಿದ ರಜೆಯೆಲ್ಲ ಸಂಜೆ ಒಂದೊಂದಾಗಿ ಮನೆಗೆ ಮರಳುತ್ತಿತ್ತು. ಪಾಸಣ್ಣನಿಗೆ ಈ ಸಲ ಬೇಡ ಎನ್ನಲು ಕಾರಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. "ನಿಮ್ಮ ಉಪಕಾರ ಮರೆಯಲ್ಲ" ಎಂದ. ಆ ಕಾರ್ಖಾನೆಯಲ್ಲಿ ರಜೆ ಪಡೆದವನೊಬ್ಬ ಕೊಟ್ಟವರ ಮುಖ ನೋಡಿ ಹಾಗೆ ಹೇಳಿದ್ದು ಅದೇ ಮೊದಲು.

ಕೊನೆಗೆ ಗೋದಾಮಿನವರು ಬಂದು, ಆರು ದಿನದ ಚೀಟಿ ಕೊಟ್ಟು, ಅವನ ಕಾಗದಗಳ ಚೀಲವನ್ನು ತಾವೇ ಎತ್ತಿಕೊಂಡರು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಎಂಥ ಚಂದದ ಮೌನ ಎಂದುಕೊಂಡ ಪಾಸಣ್ಣ.

"ಆ ಮುನ್ನೂರು ಪೆಟ್ಟಿಗೆ ವಿಷಯ" ಎಂದು ಗೋದಾಮಿನವರು ಶುರುಮಾಡಿದರು.

ಬಳಸದೆ ಇಟ್ಟ ರಜೆಯಂತೆ ಮಾತೂ ಅವರಲ್ಲಿ ಆರು ವರ್ಷದಿಂದ ಜಮೆಯಾಗಿತ್ತು. ರಟ್ಟಿನ ದಪ್ಪ, ಲಾರಿಯವನ ಮೋಸ, ಮಗಳ ಮದುವೆ, ಮೊಣಕಾಲು ನೋವು, ಅಳಿಯನ ಸ್ವಭಾವ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದರಲ್ಲೂ ಅವರು ಪಕ್ಕದಲ್ಲೇ ಕುಳಿತರು. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು.

ಪಾಸಣ್ಣನ ಮನೆಯ ಬಾಗಿಲಲ್ಲಿ ನಿಂತು, ಚೀಲವನ್ನು ಅವನ ಹೆಂಡತಿಯ ಕೈಗೆ ಕೊಡುತ್ತಾ ಅವರು ಹೇಳಿದರು: "ನನಗೆ ಇನ್ನೂ ನಲವತ್ತು ದಿನ ರಜೆ ಉಳಿದಿದೆ ತಮ್ಮಾ. ಡಬ್ಬಿಗೆ ಇಷ್ಟೇ ಹಾಕಬಹುದು ಅಂತ ಮೇಡಂ ಹೇಳಿದ್ರು. ಉಳಿದಿದ್ದನ್ನ ನಾನೇ ರಜೆ ತಗೊಂಡು ಮುಗಿಸ್ತೀನಿ. ನೀನು ಒಬ್ಬನೇ ಕೂತಿದ್ರೆ ಬೇಜಾರಾಗುತ್ತೆ. ನಾಳೆಯಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿಗೇ ಬಂದುಬಿಡ್ತೀನಿ."

ಪಾಸಣ್ಣ ಹೆಂಡತಿಯ ಮುಖ ನೋಡಿದ. ಮುರಿದ ಕೈ ನೋಡಿದ.

"ಬನ್ನಿ ಅಣ್ಣಾ" ಎಂದ.